ತೆರೆಯ ಮೇಲಿನ ವೀರಪ್ಪನ್: ಎರಡು ಸಿನಿಮಾ, ಎರಡು ಸಾಕ್ಷ್ಯಸರಣಿ, ಯಾವುದು ನೋಡಬೇಕು?

ವೀರಪ್ಪನ್ ಬಗ್ಗೆ ಒಂದೇ ಒಂದನ್ನು ನೋಡುವಷ್ಟು ಪುರುಸೊತ್ತು ಇರುವವರು 2023ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ‘ದಿ ಹಂಟ್ ಫಾರ್ ವೀರಪ್ಪನ್’ ನೋಡಿ. ಸೆಲ್ವಮಣಿ ಸೆಲ್ವರಾಜ್ ನಿರ್ದೇಶಿಸಿದ ನಾಲ್ಕು ಕಂತು, ಒಂದು ರಜಾದಿನಕ್ಕೆ ಮುಗಿಯುತ್ತದೆ. ‘ಅಟ್ಟಹಾಸ’ (2013), ‘ಕಿಲ್ಲಿಂಗ್ ವೀರಪ್ಪನ್’ (2016) ಮತ್ತು ಝೀ5ನ ತಮಿಳು ಸರಣಿ ‘ಕೂಸೆ ಮುನಿಸಾಮಿ ವೀರಪ್ಪನ್’ (2023), ಈ ಮೂರನ್ನೂ ಅದರ ಪಕ್ಕಕ್ಕಿಟ್ಟು ನೋಡಿದ ಮೇಲೂ ನನ್ನ ಮಾತು ಇದೇ. ಆನೆದಂತ, ಗಂಧದ ಮರ, ಒತ್ತೆಯಾಳು, ಕೊನೆಗೆ ಪೊಲೀಸರು ಬಲೆಯಾಗಿ ಕಳಿಸಿದ ಆಂಬುಲೆನ್ಸ್: ಈ ಕಥೆ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಹಾಗಾಗಿ ಕಥೆಯ ರೋಚಕತೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅವನ ಕೈಯಲ್ಲಿ ಸತ್ತವರಿಗೆ, ಅವನ ಹೆಸರಿನಲ್ಲಿ ಪೆಟ್ಟು ತಿಂದವರಿಗೆ ತೆರೆಯ ಮೇಲೆ ಎಷ್ಟು ಜಾಗ ಸಿಕ್ಕಿದೆ ಎಂಬುದನ್ನಷ್ಟೇ ನೋಡಿದೆ.

‘ಅಟ್ಟಹಾಸ’ದ ದೊಡ್ಡ ಬಲ ಕಿಶೋರ್. ಎ.ಎಂ.ಆರ್. ರಮೇಶ್ ಅವರು ಕನ್ನಡ, ತಮಿಳು ಎರಡರಲ್ಲೂ ಮಾಡಿದ ಈ ಚಿತ್ರದಲ್ಲಿ ಕಿಶೋರ್ ಮೀಸೆಯ ಹಿಂದೆ ಅಡಗಿಕೊಳ್ಳುವುದಿಲ್ಲ. ಕೂರುವ ರೀತಿ, ಎದುರಿಗಿದ್ದವರನ್ನು ಅಳೆಯುವ ನೋಟ, ಇವೆರಡರಲ್ಲೇ ಕಾಡಿನ ಮನುಷ್ಯನ ಜಾಗ್ರತೆ ಕಾಣುತ್ತದೆ. ನಾಲ್ಕರಲ್ಲಿ ಅಭಿನಯ ಎಂದರೆ ಇದೇ.

ಚಿತ್ರ ನನ್ನ ಕಣ್ಣಿಗೆ ಎಡವಿದ್ದು ರಾಜ್‌ಕುಮಾರ್ ಅಪಹರಣದ ಭಾಗದಲ್ಲಿ. ಡಾ. ರಾಜ್‌ಕುಮಾರ್ ಪಾತ್ರದಲ್ಲಿ ಸುರೇಶ್ ಒಬೆರಾಯ್ ಇದ್ದಾರೆ. ನಟ ಒಳ್ಳೆಯವರೇ, ತೊಂದರೆ ಅವರದಲ್ಲ. ಅಣ್ಣಾವ್ರ ದನಿ, ನಿಲುವು, ಬಿಳಿ ಪಂಚೆ ಎತ್ತಿ ಹಿಡಿದು ನಡೆಯುವ ರೀತಿ ಮೂರು ತಲೆಮಾರಿನ ಕಣ್ಣುಕಿವಿಗಳಲ್ಲಿ ಕೂತುಬಿಟ್ಟಿದೆ. ಆ ಜಾಗದಲ್ಲಿ ಬೇರೆ ಯಾರೇ ನಿಂತರೂ ಪ್ರೇಕ್ಷಕ ಕಥೆಯಿಂದ ಹೊರಬಂದು ಹೋಲಿಕೆ ಮಾಡಲು ಶುರುಮಾಡುತ್ತಾನೆ. ಒಮ್ಮೆ ಹೊರಬಂದವನನ್ನು ಮತ್ತೆ ಒಳಗೆ ಕರೆತರುವುದು ಕಷ್ಟ. ಪರಭಾಷೆಯವರಿಗೆ ಇದು ಅರಿವಿಗೇ ಬಾರದು, ಕನ್ನಡಿಗರಿಗೆ ಮಾತ್ರ ತಪ್ಪಿದ್ದಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. 2000ದ ಜುಲೈ 30ರ ರಾತ್ರಿ ಗಾಜನೂರಿನಲ್ಲಿ ನಡೆದದ್ದರಲ್ಲಿ ಬಂದೂಕಿನಷ್ಟೇ ಮುಖ್ಯವಾದ ವಸ್ತು ಇನ್ನೊಂದಿತ್ತು: ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರಿಗೆ ತಲುಪಿಸಿ ಎಂದು ವೀರಪ್ಪನ್ ಪಾರ್ವತಮ್ಮನವರ ಕೈಗೆ ಕೊಟ್ಟ ಕ್ಯಾಸೆಟ್ಟು. ಮುಂದಿನ 108 ದಿನ ಎರಡು ಸರ್ಕಾರಗಳನ್ನು ಕುಣಿಸಿದ್ದು ಕ್ಯಾಸೆಟ್ಟುಗಳೇ. ಕಾವೇರಿ ವಿಚಾರ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯ ಅನಾವರಣ, ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಬಂದಿಗಳ ಬಿಡುಗಡೆ, ಹೀಗೆ ಬೇಡಿಕೆಗಳ ಪಟ್ಟಿಯೇ ಬಂತು. ಗಂಧ ಕದಿಯುತ್ತಿದ್ದವನು ಒಂದು ಜನಾಂಗದ ವಕ್ತಾರನ ದನಿಯಲ್ಲಿ ಮಾತಾಡತೊಡಗಿದ. ಆ ಬದಲಾವಣೆ ಹೇಗಾಯಿತು, ಯಾರ ಸಹವಾಸದಿಂದಾಯಿತು ಎಂದು ಬಿಡಿಸಿ ಹೇಳಲು ಕಥಾಚಿತ್ರದ ಎರಡೂವರೆ ಗಂಟೆ ಸಾಲದು. ನೆಟ್‌ಫ್ಲಿಕ್ಸ್ ಸರಣಿ ಇದಕ್ಕೆಂದೇ ಒಂದು ಕಂತನ್ನು ಎತ್ತಿಟ್ಟಿದೆ. ಅಲ್ಲಿ ರಾಜ್‌ಕುಮಾರ್ ಅವರೇ ಹಳೆಯ ದೃಶ್ಯಗಳಲ್ಲಿ ಕಾಣಿಸುವುದರಿಂದ ಹೋಲಿಕೆಯ ಕಾಟವೂ ಇಲ್ಲ.

ಇಷ್ಟಾದರೂ ಈ ಅಧ್ಯಾಯದ ನಿಜವಾದ ಧೀರನಿಗೆ ಸಿಗಬೇಕಾದ ತೂಕ ನಾಲ್ಕರಲ್ಲಿ ಯಾವುದರಲ್ಲೂ ಸಿಕ್ಕಿಲ್ಲ ಎಂಬ ಕೊರಗು ನನಗಿದೆ. 1992ರ ಆಗಸ್ಟ್ 14ರಂದು ಎಸ್‌ಪಿ ಹರಿಕೃಷ್ಣ ಅವರ ಜೊತೆ ಹತರಾದ ಎಸ್‌ಐ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ, ಟಾಡಾ ಬಂದಿಗಳನ್ನು ಬಿಡಬಾರದೆಂದು ಸುಪ್ರೀಂ ಕೋರ್ಟಿಗೆ ಹೋದರು. ಇಡೀ ನಾಡು ‘ಏನಾದರೂ ಕೊಟ್ಟು ಅಣ್ಣಾವ್ರನ್ನು ಕರೆತನ್ನಿ’ ಎನ್ನುತ್ತಿದ್ದ ಹೊತ್ತಿನಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ಮುದುಕ ಒಂಟಿಯಾಗಿ ನಿಂತು, ಗೆದ್ದರು. ಇಷ್ಟು ಗಟ್ಟಿ ಚಿತ್ರಕಥೆ ಕಣ್ಣೆದುರೇ ಬಿದ್ದಿದೆ. ಯಾರಾದರೂ ಎತ್ತಿಕೊಳ್ಳಲಿ.

‘ಕಿಲ್ಲಿಂಗ್ ವೀರಪ್ಪನ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಾಮ್ ಗೋಪಾಲ್ ವರ್ಮಾ ಹಿಂದಿನ ಇತಿಹಾಸದ ಗೋಜಿಗೆ ಹೆಚ್ಚು ಹೋಗದೆ ಕೊನೆಯ ಕಾರ್ಯಾಚರಣೆಯ ಬೆನ್ನು ಹತ್ತಿದ್ದಾರೆ, ಓಟ ಚೆನ್ನಾಗಿದೆ. ಆದರೆ ಬೇಟೆಗಾರ ಶಿವರಾಜ್‌ಕುಮಾರ್. ಅಪ್ಪನನ್ನು ಒತ್ತೆ ಇಟ್ಟುಕೊಂಡಿದ್ದವನನ್ನು ಮಗ ಹುಡುಕಿ ಹೊಡೆಯುತ್ತಾನೆ ಎಂಬ ಭಾವನೆ ಚಿತ್ರದ ಮೇಲೆ ಹರಡಿಕೊಳ್ಳುತ್ತದೆ, ಶಿಳ್ಳೆ ಬೀಳುವುದು ಅದಕ್ಕೇ. ಅದೇ ವರ್ಷ ವರ್ಮಾ ಇದನ್ನು ಹಿಂದಿಯಲ್ಲೂ ತೆಗೆದರು. ವೀರಪ್ಪನ್ ಆಗಿ ಸಂದೀಪ್ ಭಾರದ್ವಾಜ್ ಅವರೇ ಇದ್ದರೂ ಆ ಬಿಸಿ ಅಲ್ಲಿಲ್ಲ.

ಝೀ5 ಸರಣಿಯಲ್ಲಿ ಬೇರೆ ಯಾರ ಬಳಿಯೂ ಇಲ್ಲದ ಸರಕಿದೆ: ವೀರಪ್ಪನ್ನೇ. ತೊಂಬತ್ತರ ದಶಕದಲ್ಲಿ ತಮಿಳಿನ ನಕ್ಕೀರನ್ ಪತ್ರಿಕೆಯವರು ಕಾಡಿನೊಳಗೆ ಚಿತ್ರೀಕರಿಸಿದ ದೃಶ್ಯಗಳಲ್ಲಿ ಅವನು ಕ್ಯಾಮೆರಾಗೆ ಮುಖ ಕೊಟ್ಟು ತನ್ನ ಕಥೆ ತಾನೇ ಹೇಳುತ್ತಾನೆ. ಮಾತುಗಾರ. ಕಣ್ಣು ಕೀಳಲು ಆಗುವುದಿಲ್ಲ, ಅಪಾಯವೂ ಅದೇ. ತನ್ನನ್ನು ನಾಡೇ ನೋಡುತ್ತದೆಂದು ತಿಳಿದು ಮಾತಾಡುವವನು ಕೊಲೆಯನ್ನು ನ್ಯಾಯ ಎಂದು ಒಪ್ಪಿಸಬಲ್ಲ. ಪರೀಕ್ಷೆಗೆ ಒಂದು ಘಟನೆ ಸಾಕು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ವೀರಪ್ಪನ್‌ನ ಹುಟ್ಟೂರು ಗೋಪಿನಾಥಂನಲ್ಲೇ ಉಳಿದು, ಊರವರಿಗೆ ಔಷಧಿ ಕೊಟ್ಟು, ಮಾರಿಯಮ್ಮನ ಗುಡಿ ಕಟ್ಟಿಸಿದವರು. ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ 1991ರ ನವೆಂಬರ್ 10ರಂದು ಆಯುಧವಿಲ್ಲದೆ ಹೋದರು. ವೀರಪ್ಪನ್ ಕಡೆಯವರು ಅವರಿಗೆ ಗುಂಡಿಟ್ಟು ತಲೆ ಕಡಿದರು. ತನ್ನ ತಂಗಿಯ ಸಾವಿಗೆ ಸೇಡು ಎಂಬುದು ವೀರಪ್ಪನ್ ಕೊಟ್ಟ ಕಾರಣ. ಆ ಕಾರಣವನ್ನು ಅವನ ಬಾಯಲ್ಲೇ ಕೇಳುವಾಗ ಈ ಗುಡಿ, ಈ ಔಷಧಿ ನೆನಪಿನಲ್ಲಿರಬೇಕು. ಅದಕ್ಕೇ ಇದನ್ನು ಮೊದಲು ನೋಡಬೇಡಿ. ವೀರಪ್ಪನ್ ಬೇಟೆಗೆ ರಚಿಸಿದ್ದ ಪೊಲೀಸ್ ವಿಶೇಷ ಕಾರ್ಯಪಡೆಯ (ಎಸ್‌ಟಿಎಫ್) ದೌರ್ಜನ್ಯವನ್ನು ಒತ್ತಿ ಹೇಳುವುದು ಇದರ ಹೆಚ್ಚುಗಾರಿಕೆ, ಅದನ್ನು ಒಪ್ಪಲೇಬೇಕು.

ನೆಟ್‌ಫ್ಲಿಕ್ಸ್ ಸರಣಿ ನನಗೆ ಮೆಚ್ಚುಗೆಯಾಗುವುದು ಅಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಅಡ್ಡ ಬರುವುದರಿಂದ. ‘ಅಟ್ಟಹಾಸ’ದ ವಿರುದ್ಧ ಕೋರ್ಟ್ ಮೆಟ್ಟಿಲೇರಿದ್ದ ಹೆಂಡತಿ ಮುತ್ತುಲಕ್ಷ್ಮಿ ಇಲ್ಲಿ ತಾವೇ ಕೂತು ಗಂಡನ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಾರೆ. ಬೆನ್ನಿಗೇ ಪೊಲೀಸರು, ಅರಣ್ಯ ಇಲಾಖೆಯವರು, ಹಳ್ಳಿಯವರು. 22 ಜನ ಸತ್ತ 1993ರ ಪಾಲಾರ್ ನೆಲಬಾಂಬ್ ಸ್ಫೋಟವನ್ನೂ, ಆಮೇಲೆ ಹಳ್ಳಿಗರ ಮೇಲೆ ಬಿದ್ದ ಏಟನ್ನೂ ಒಟ್ಟಿಗೆ ನೋಡಿದಾಗಲೇ ಆ ಕಾಲ ಅರ್ಥವಾಗುವುದು. ನ್ಯಾಯಮೂರ್ತಿ ಸದಾಶಿವ ಸಮಿತಿಯ ವಿಚಾರಣೆಯ ನಂತರ ಮಾನವ ಹಕ್ಕು ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ಹೇಳಿತ್ತು. ಎಸ್‌ಟಿಎಫ್ ಅನ್ನು ಬರೀ ಹೀರೋ ಮಾಡುವ ಕಥೆಯಲ್ಲಿ ಈ 89 ಜನರಿಗೆ ಜಾಗ ಎಲ್ಲಿ?

ಕೊರತೆ ಇಲ್ಲವೆಂದಲ್ಲ. ಕಾಡಿನ ದೃಶ್ಯಗಳನ್ನು ಅತಿ ಚೆಂದವಾಗಿ ತೆಗೆದಿದ್ದಾರೆ, ಹಿನ್ನೆಲೆ ಸಂಗೀತ ಕೆಲವೆಡೆ ವೀರಪ್ಪನ್‌ಗೆ ಗತ್ತು ಕೊಡುತ್ತದೆ. 2004ರ ಅಕ್ಟೋಬರ್ 18ರ ರಾತ್ರಿ ತಮಿಳುನಾಡಿನ ಪಾಪ್ಪಾರಪಟ್ಟಿ ಬಳಿ ಸತ್ತಾಗ ಅವನ ಹೆಸರಾಂತ ಮೀಸೆ ಕತ್ತರಿಸಿ ಚಿಕ್ಕದಾಗಿತ್ತು, ಕಣ್ಣು ಮಂಜಾಗಿತ್ತು. ಪೋಸ್ಟರುಗಳಿಗೆ ಮಾತ್ರ ಇಂದಿಗೂ ದೊಡ್ಡ ಮೀಸೆಯೇ ಬೇಕು.

ಒಂದು ತಿಂಗಳ ಚಂದಾ ಒಂದಕ್ಕೇ ಕಟ್ಟುವುದಾದರೆ ನೆಟ್‌ಫ್ಲಿಕ್ಸ್. ನಾನು ಇಂಥದ್ದನ್ನು ದಿನಕ್ಕೊಂದು ಕಂತಿನಂತೆ, ನಡುವೆ ನಿಲ್ಲಿಸಿ ತಾರೀಖು ಬರೆದುಕೊಂಡು ನೋಡುವವನು. ಹಾಗೆ ನೋಡುವವರಿಗೆ ಅದೇ ಸರಿ. ತಮಿಳು ನೇರವಾಗಿ ಅರ್ಥವಾಗುವವರು ಮುಂದಿನ ತಿಂಗಳು ಝೀ5ಗೆ ಹೋಗಬಹುದು. ‘ಅಟ್ಟಹಾಸ’ವನ್ನು ಕಿಶೋರ್‌ಗಾಗಿ, ಸಿಕ್ಕಾಗ ನೋಡಿ. ಚಿಕ್ಕ ಮಕ್ಕಳನ್ನು ಮಾತ್ರ ನಾಲ್ಕರ ಎದುರೂ ಕೂರಿಸಬೇಡಿ.