ಹಾರ್ಡ್ ಡಿಸ್ಕ್‌ಗಳನ್ನು ಗಾಳಿಯಾಡದ ಗೂಡಿನಲ್ಲಿ ಕೂರಿಸಲು ಬಿಡಬೇಡಿ

ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವವರು, ಅದರಲ್ಲೂ ನಮ್ಮ ಕರಾವಳಿಯ ಸೆಕೆಯಲ್ಲಿ ಬದುಕುವವರು, ಹಾರ್ಡ್ ಡಿಸ್ಕ್ ಕ್ಯಾಬಿನೆಟ್‌ನ ಯಾವ ಮೂಲೆಯಲ್ಲಿ ಕೂತಿದೆ ಎಂಬುದನ್ನು ಕಣ್ಣಾರೆ ನೋಡದೆ ಹಣ ಕೊಡಬೇಡಿ. ನಾನು ನೋಡದೆ ಕೊಟ್ಟು, ಹನ್ನೊಂದು ರಾತ್ರಿಗಳ ಯಕ್ಷಗಾನವನ್ನು ಕಳೆದುಕೊಂಡೆ.

ಉಡುಪಿಯ ಸುತ್ತಮುತ್ತ ನಡೆಯುವ ಹರಕೆ ಆಟಗಳನ್ನು ಎಂಟು ವರ್ಷಗಳಿಂದ ಚಿತ್ರೀಕರಿಸುತ್ತಿದ್ದೇನೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಡಿಸ್ಕ್ ತುಂಬಿರುತ್ತದೆ. ಆ ವರ್ಷ 4 ಟಿಬಿಯ ಎರಡು ಡಿಸ್ಕ್‌ಗಳನ್ನು, ನಿಮಿಷಕ್ಕೆ 7200 ಸುತ್ತು ತಿರುಗುವಂಥವನ್ನು, ಅಂಗಡಿಯವರ ಕೈಗೇ ಕೊಟ್ಟು ಜೋಡಿಸಿಸಿದೆ. ಅವರು ಅವನ್ನು ಪವರ್ ಸಪ್ಲೈ ಇರುವ ತಳದ ಮುಚ್ಚಿದ ಅಂಕಣದಲ್ಲಿ, ಒಂದರ ಮೇಲೊಂದಾಗಿ ಕೂರಿಸಿದ್ದರು. ನಡುವೆ ಕಿರುಬೆರಳೂ ತೂರದಷ್ಟೇ ಸಂದು. ಬಳಕೆಗೆ ಬಾರದ ಕೇಬಲ್‌ಗಳನ್ನೆಲ್ಲ ಮುದ್ದೆ ಮಾಡಿ ಆ ಸಂದಿನ ಎದುರಿಗೇ ತುರುಕಿದ್ದರು. ಹೊರಗಿನಿಂದ ನೋಡಿದರೆ ಒಂದು ತಂತಿಯೂ ಕಾಣದ ಅಚ್ಚುಕಟ್ಟು ಕೆಲಸ.

ಎದುರಿನ ಎರಡು ಫ್ಯಾನ್‌ಗಳೂ ಈ ಅಂಕಣಕ್ಕಿಂತ ಮೇಲಿದ್ದವು. ಪವರ್ ಸಪ್ಲೈಯ ಫ್ಯಾನ್ ತಳದಿಂದ ಗಾಳಿ ಎಳೆದು ನೇರ ಹಿಂದಕ್ಕೆ ದೂಡುತ್ತದೆಯೇ ಹೊರತು ಪಕ್ಕದ ಡಿಸ್ಕ್‌ಗಳ ಗಾಳಿಯನ್ನು ಕದಲಿಸುವುದಿಲ್ಲ. ಹೀಗಾಗಿ ಎರಡು ಡಿಸ್ಕ್‌ಗಳು ಒಂದನ್ನೊಂದು ಕಾಯಿಸುತ್ತ ಕೂತವು.

ಏಪ್ರಿಲ್‌ನಲ್ಲಿ, ಕೋಣೆಯೇ 34 ಡಿಗ್ರಿ ಇದ್ದ ಒಂದು ಮಧ್ಯಾಹ್ನ, ಫೈಲ್ ನಕಲಿಸುವಾಗ ಕಂಪ್ಯೂಟರ್ ಪದೇ ಪದೇ ಸ್ತಬ್ಧವಾಗತೊಡಗಿತು. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ತೆರೆದಾಗ ಮೇಲಿನ ಡಿಸ್ಕ್ 61 ಡಿಗ್ರಿ ತೋರಿಸಿತು. ಡೆಸ್ಕ್‌ಟಾಪ್ ಡಿಸ್ಕ್‌ಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಗರಿಷ್ಠ ಮಿತಿ 60. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳನ್ನು, ಎಂದರೆ ಮಾಹಿತಿ ಕೂರುವ ಡಿಸ್ಕ್‌ನ ಪುಟ್ಟ ತುಣುಕುಗಳನ್ನು, ಎಣಿಸುವ ಸಿ5 ಸಾಲಿಗೆ ಎಚ್ಚರಿಕೆಯ ಹಳದಿ ಬಣ್ಣ ಬಂದಿತ್ತು. ಪಕ್ಕದ ಬಾಗಿಲು ಕಳಚಿ ಡಿಸ್ಕ್ ಮುಟ್ಟಿದರೆ ಬೆರಳು ಊರಲಾಗಲಿಲ್ಲ. ಧೂಳಿನ ಜಾಲರಿಯ ಮೇಲೆ ಮುರಕಲ್ಲಿನ ಕೆಂಪು ಹುಡಿ ತೇವಕ್ಕೆ ಕಟ್ಟಿಕೊಂಡು ತೆಳು ಹಾಳೆಯಂತೆ ಎದ್ದುಬಂತು. ಉಳಿದದ್ದನ್ನು ನಕಲಿಸಿಕೊಳ್ಳುವಷ್ಟರಲ್ಲಿ ಡಿಸ್ಕ್ ಕೈಕೊಟ್ಟಿತು. ಹೋದ ರಾತ್ರಿಗಳಲ್ಲಿ ಎರಡು, ಈಗ ನಮ್ಮೊಂದಿಗಿಲ್ಲದ ಭಾಗವತರೊಬ್ಬರವು.

ಡಿಸ್ಕ್ ಬಿಸಿಯಾಗುವುದು ಸಹಜ ಎಂದು ಅಂಗಡಿಯವರು ವಾದಿಸಿದರು. ಬಿಸಿಗೂ ಡಿಸ್ಕ್ ಕೆಡುವುದಕ್ಕೂ ನಂಟು ಕಡಿಮೆ ಎಂದು ಗೂಗಲ್‌ನ 2007ರ ಅಧ್ಯಯನವನ್ನು ತೋರಿಸುವವರೂ ಇದ್ದಾರೆ. ಆದರೆ ವಯಸ್ಸಾದ ಡಿಸ್ಕ್‌ಗಳಲ್ಲಿ ಹೆಚ್ಚಿನ ಬಿಸಿಗೆ ಕೆಡುವ ಪ್ರಮಾಣ ಏರಿದ್ದನ್ನು ಅದೇ ಅಧ್ಯಯನ ಗುರುತಿಸಿದೆ. ನನ್ನ ಡಿಸ್ಕ್ ಬಿಸಿಯಿಂದಲೇ ಸತ್ತಿತೆಂದು ಸಾಧಿಸಿ ತೋರಿಸಲು ನನ್ನಿಂದಾಗದು. ಆದರೆ ಮಿತಿ ಮೀರಿದ ಬಿಸಿಯಲ್ಲಿ ಅದನ್ನು ತಿಂಗಳುಗಟ್ಟಲೆ ಓಡಿಸಿದ್ದು ತಪ್ಪು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈಗ ಎದುರಿನ 120 ಮಿಲಿಮೀಟರ್ ಫ್ಯಾನ್‌ನ ಬೆನ್ನಿಗೇ ಡಿಸ್ಕ್ ಗೂಡು ಇರುವ ಕ್ಯಾಬಿನೆಟ್ ತಂದು, ಎರಡು ಡಿಸ್ಕ್‌ಗಳ ನಡುವೆ ಒಂದು ಅಂಕಣ ಖಾಲಿ ಬಿಟ್ಟಿದ್ದೇನೆ. ಅಡ್ಡಲಾಗಿ ಕೂರಿಸಿದರೂ ನೆಟ್ಟಗೆ ನಿಲ್ಲಿಸಿದರೂ ಡಿಸ್ಕ್‌ಗೆ ತೊಂದರೆಯಿಲ್ಲ. ನಾಲ್ಕೂ ಸ್ಕ್ರೂ ಬಿಗಿಯಾಗಿರಬೇಕು, ಮೈಮೇಲಿನ ಉಸಿರುರಂಧ್ರಕ್ಕೆ ಯಾವ ಸ್ಟಿಕರ್ರೂ ಅಂಟಬಾರದು. ಕೇಬಲ್‌ಗಳು ಮದರ್‌ಬೋರ್ಡ್ ತಟ್ಟೆಯ ಹಿಂದಕ್ಕೆ ಹೋಗಿವೆ. ಅಂಥದೇ ಏಪ್ರಿಲ್ ಮಧ್ಯಾಹ್ನ, ಎರಡು ಗಂಟೆ ಬಿಡದೆ ನಕಲಿಸಿದ ಮೇಲೂ ಡಿಸ್ಕ್ 44 ಡಿಗ್ರಿ ದಾಟಲಿಲ್ಲ. ನಿಮ್ಮ ಯಂತ್ರವನ್ನು ಅಂಗಡಿಯಿಂದ ಎತ್ತಿಕೊಳ್ಳುವ ಮೊದಲು ಅಲ್ಲೇ ಕುಳಿತು ಅರ್ಧ ಗಂಟೆ ದೊಡ್ಡ ಫೈಲ್‌ಗಳನ್ನು ನಕಲಿಸಿ, ಉಷ್ಣತೆ ಎಷ್ಟಕ್ಕೆ ನಿಲ್ಲುತ್ತದೆ ನೋಡಿ. ಅಂಗಡಿಯಲ್ಲಿ ಎಸಿ ಓಡುತ್ತಿದ್ದರೆ, ನಿಮ್ಮ ಮನೆಯಲ್ಲಿ ಅದಕ್ಕಿಂತ ಎಂಟು ಹತ್ತು ಡಿಗ್ರಿ ಹೆಚ್ಚೇ ಇರುತ್ತದೆಂದು ಲೆಕ್ಕ ಹಾಕಿಕೊಳ್ಳಿ.