ವಿಮಾನದ ದೂರ ಅಳೆಯಲು ಯಾವುದು ವಾಸಿ: ದಾರವೋ, ಸೂತ್ರವೋ, ಟ್ರ್ಯಾಕರೋ?

ಹೆಲ್ಸಿಂಕಿ–ಟೋಕಿಯೊ ಜೋಡಿಯೊಂದನ್ನೇ ಇಟ್ಟುಕೊಂಡು ದೂರ ಅಳೆಯುವ ವಿಧಾನಗಳನ್ನು ಹಚ್ಚಿ ನೋಡಿದೆ. ನಕಾಶೆ, ದಾರ, ಸೂತ್ರಗಳ ಉತ್ತರವೇ 7,700ರಿಂದ 8,800 ಕಿ.ಮೀ.ವರೆಗೆ ಓಡಾಡಿತು.

ಚಪ್ಪಟೆ ನಕಾಶೆಯನ್ನು ಮೊದಲೇ ಪಕ್ಕಕ್ಕಿಡಿ. ಮರ್ಕೇಟರ್ ಎಂಬ ಸಾಮಾನ್ಯ ಚಪ್ಪಟೆ ನಕಾಶೆಯಲ್ಲಿ 60 ಡಿಗ್ರಿ ಅಕ್ಷಾಂಶದ ಸುತ್ತಮುತ್ತ ಎಲ್ಲವೂ ಎರಡು ಪಟ್ಟು ಹಿಗ್ಗಿರುತ್ತದೆ, ಹೆಲ್ಸಿಂಕಿ ಇರುವುದೇ ಅಲ್ಲಿ. ಆ ಹಿಗ್ಗನ್ನು ಕಳೆದು ಲೆಕ್ಕ ಹಾಕಿದರೂ ಸ್ಕೇಲಿಟ್ಟು ಎಳೆದ ಗೆರೆ 8,780 ಕಿ.ಮೀ. ಆಗುತ್ತದೆ. ನೇರವಾಗಿ ಕಾಣುವ ಗೆರೆಯೇ ಸುತ್ತುದಾರಿ!

ಗ್ಲೋಬ್ ಮೇಲೆ ದಾರ ಬಿಗಿದಾಗ ಇದು ಥಟ್ಟನೆ ಅರ್ಥವಾಗುತ್ತದೆ. ದಾರ ತಾನಾಗಿಯೇ ಉತ್ತರಕ್ಕೆ ಸರಿದು ಸೈಬೀರಿಯಾದ ಮೇಲೆ ಕೂರುತ್ತದೆ. ಆದರೆ 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ ಒಂದು ಮಿಲಿಮೀಟರ್ ಎಂದರೆ 42 ಕಿ.ಮೀ. ಬೆರಳು ಕೊಂಚ ಜಾರಿದರೂ ನೂರು ಕಿ.ಮೀ. ಹೋಯಿತು. ದಾರಿ ನೋಡಲು ಇದಕ್ಕಿಂತ ಒಳ್ಳೆಯದಿಲ್ಲ, ಸಂಖ್ಯೆಗೆ ನೆಚ್ಚುವಂತಿಲ್ಲ.

ಸಂಖ್ಯೆ ಬೇಕಿದ್ದರೆ ಹ್ಯಾವರ್‌ಸೈನ್ ಸೂತ್ರ: ಎರಡು ಜಾಗಗಳ ಅಕ್ಷಾಂಶ–ರೇಖಾಂಶ ಕೊಟ್ಟರೆ ಗುಂಡಗಿನ ಭೂಮಿಯ ಮೇಲೆ ಅವುಗಳ ನಡುವಿನ ಅತಿ ಕಡಿಮೆ ದೂರ ಹೇಳುತ್ತದೆ. ಎಕ್ಸೆಲ್‌ನಲ್ಲಿ ಒಂದೇ ಸಾಲು. ಡಿಗ್ರಿಗಳನ್ನು ರೇಡಿಯನ್‌ಗೆ ಬದಲಿಸಿಕೊಂಡರೆ ಸಾಕು. ಭೂಮಿಯ ತ್ರಿಜ್ಯ 6,371 ಕಿ.ಮೀ. ಎಂದಿಟ್ಟು ನರಿಟಾ ವಿಮಾನ ನಿಲ್ದಾಣದವರೆಗೆ ಲೆಕ್ಕ ಹಾಕಿದರೆ ಸುಮಾರು 7,830 ಕಿ.ಮೀ. ಭೂಮಿ ಪೂರ್ತಿ ಗುಂಡಗಿಲ್ಲವಾದ್ದರಿಂದ ಇದರಲ್ಲಿ ಅಬ್ಬಬ್ಬಾ ಎಂದರೆ ಶೇ. 0.5ರಷ್ಟು ತಪ್ಪಿರಬಹುದು. ಅದನ್ನೂ ತಿದ್ದುವ ವಿನ್ಸೆಂಟಿ ಸೂತ್ರ 1975ರಿಂದಲೇ ಇದೆ. ನನಗೆ ಅದು ಅತಿ ಎನಿಸಿತು. ಶೇ. 0.5 ಎಂದರೆ ಇಲ್ಲಿ 40 ಕಿ.ಮೀ. ಕೂಡ ಇಲ್ಲ, ನರಿಟಾ ಟೋಕಿಯೊ ನಗರದ ಮಧ್ಯಭಾಗದಿಂದ 60 ಕಿ.ಮೀ. ಆಚೆಗಿದೆ! ಊರಿಂದ ಊರಿಗೋ, ನಿಲ್ದಾಣದಿಂದ ನಿಲ್ದಾಣಕ್ಕೋ ಎಂಬುದು ತೀರ್ಮಾನವಾಗದೆ ದಶಮಾಂಶದ ಜಗಳಕ್ಕೆ ಅರ್ಥವಿಲ್ಲ. ಇಂಥ ದೂರ ಲೆಕ್ಕ ಹಾಕಿಕೊಡುವ ಗ್ರೇಟ್ ಸರ್ಕಲ್ ಮ್ಯಾಪರ್ ಜಾಲತಾಣ ನನಗೆ ಹಿಡಿಸಿದ್ದು ಇದಕ್ಕೇ: ಅದಕ್ಕೆ ನಿಲ್ದಾಣದ ಕೋಡ್ ಕೊಟ್ಟು ಕೇಳಬಹುದು, ಗೊಂದಲವಿಲ್ಲ. ಮೈಲಿಯಲ್ಲಿ ಓದುವವರು ಮಾತ್ರ ಜೋಪಾನ. ವಿಮಾನಯಾನದ ನಾಟಿಕಲ್ ಮೈಲಿ 1,852 ಮೀಟರ್, ಸಾಮಾನ್ಯ ಮೈಲಿ 1,609.

ಇಷ್ಟೆಲ್ಲ ಆದ ಮೇಲೆ, ವಿಮಾನ ನಿಜಕ್ಕೂ ಹಾರಿದ ದಾರಿ ತೋರಿಸುವ ಫ್ಲೈಟ್ ಟ್ರ್ಯಾಕರ್ ತೆರೆದರೆ ವಿಮಾನ ಸೈಬೀರಿಯಾದ ಹತ್ತಿರವೂ ಸುಳಿಯುವುದಿಲ್ಲ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಫಿನ್ಲೆಂಡಿನ ವಿಮಾನ ಸಂಸ್ಥೆ ಫಿನ್‌ಏರ್‌ನ ಟೋಕಿಯೊ ವಿಮಾನ ಉತ್ತರ ಧ್ರುವದ ಕಡೆಯಿಂದಲೋ ದಕ್ಷಿಣದಿಂದಲೋ ಸುತ್ತಿ ಹೋಗಬೇಕಾಯಿತು. ಒಂಬತ್ತು–ಹತ್ತು ಗಂಟೆಯ ಪಯಣ ಹದಿಮೂರರ ಹತ್ತಿರಕ್ಕೆ ಬಂತು. 1983ರಲ್ಲಿ ಅದೇ ಸಂಸ್ಥೆ ಈ ಊರುಗಳ ನಡುವೆ ನೇರ ಹಾರಾಟ ಶುರುಮಾಡಿದಾಗಲೂ, ಸೋವಿಯತ್ ಆಕಾಶ ತಪ್ಪಿಸಲು ಡಿಸಿ–10 ವಿಮಾನ ಧ್ರುವದ ಮೇಲಿಂದಲೇ ಹೋಗುತ್ತಿತ್ತು. ಯಾವ ಸೂತ್ರಕ್ಕೂ ಇದು ತಿಳಿಯದು. ಹೋಗುವಾಗ ಒಂದು ಉದ್ದ, ಬರುವಾಗ ಇನ್ನೊಂದು ಎಂದು ತೋರಿಸುವುದೂ ಟ್ರ್ಯಾಕರ್ ಮಾತ್ರ, ಏಕೆಂದರೆ ಗಾಳಿಯ ಲೆಕ್ಕ ನೋಡಿ ದಾರಿ ಬದಲಾಗುತ್ತಿರುತ್ತದೆ. ಹಾಗಾಗಿ ಪಯಣದ ಅವಧಿ ಅಂದಾಜಿಸಲು ನಾನು ಸೂತ್ರ ಮುಟ್ಟುವುದಿಲ್ಲ. ಕಳೆದ ವಾರದ ನಾಲ್ಕಾರು ಹಾರಾಟಗಳ ದಾಖಲೆ ನೋಡುತ್ತೇನೆ.