ಕ್ರಿಪ್ಟೋ ಲೈಬ್ರರಿ: ಚಿಕ್ಕದಾ, ದೊಡ್ಡದಾ?

ಮಾಹಿತಿಯನ್ನು ಗುಟ್ಟಾಗಿಡುವ ಸಿದ್ಧ ಕೋಡ್, ಅಂದರೆ ಕ್ರಿಪ್ಟೋ ಲೈಬ್ರರಿ ಬರೆಯುವಾಗ ಅದು ಎಷ್ಟು ದೊಡ್ಡದಿರಬೇಕು, ಹೆಸರೇನಿಡಬೇಕು? ಬಳಸುವವರಿಗೆ ಚಿಕ್ಕ ಲೈಬ್ರರಿಯೇ ಸುಲಭ. ಲಿಬ್‌ಸೋಡಿಯಂ ಎಂಬ ಲೈಬ್ರರಿಯಲ್ಲಿ ಸಂದೇಶವನ್ನು ಗುಟ್ಟಾಗಿಸುವ ಸೀಕ್ರೆಟ್‌ಬಾಕ್ಸ್ ಎಂಬ ಫಂಕ್ಷನ್‌ಗೆ ಸಂದೇಶ, ನಾನ್ಸ್ (ಒಮ್ಮೆ ಮಾತ್ರ ಬಳಸುವ ಸಂಖ್ಯೆ), ಗುಟ್ಟಿನ ಕೀ ಕೊಟ್ಟರೆ ಸಾಕು. ಯಾವ ಸೈಫರ್ (ಗುಟ್ಟಾಗಿಸುವ ವಿಧಾನ), ಯಾವ ಮೋಡ್ (ಅದನ್ನು ಬಳಸುವ ರೀತಿ) ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. (ಒಂದೇ ಕೀ ಜೊತೆ ಅದೇ ನಾನ್ಸ್ ಮತ್ತೆ ಬಳಸಬೇಡಿ, ಅಷ್ಟೆ.) ಓಪನ್‌ಎಸ್‌ಎಸ್‌ಎಲ್ ಎಂಬ ದೊಡ್ಡ ಲೈಬ್ರರಿಯಲ್ಲಿ ಅದನ್ನೆಲ್ಲ ನೀವೇ ಆರಿಸಬೇಕು. ಆದರೆ ಟಿಎಲ್‌ಎಸ್ (ವೆಬ್ ಸಂಪರ್ಕವನ್ನು ಕಾಪಾಡುವ ಪ್ರೋಟೋಕಾಲ್), ಸರ್ವರ್‌ನ ಗುರುತು ಸಾಬೀತು ಮಾಡುವ ಸರ್ಟಿಫಿಕೇಟ್, ಹಳೆಯ ಸರ್ವರ್ ಜೊತೆ ಹೊಂದಾಣಿಕೆ ಎಲ್ಲವೂ ಬೇಕೆಂದರೆ ಅಂಥ ದೊಡ್ಡದೇ ಸರಿ.

ನಿರ್ವಹಣೆ? ದೊಡ್ಡದಕ್ಕೆ ಕೆಲಸ ಜಾಸ್ತಿ. 2014ರಲ್ಲಿ ಬಯಲಾದ, ಸರ್ವರ್‌ನ ಗುಟ್ಟುಗಳು ಸೋರುವಂತೆ ಮಾಡಿದ ಹಾರ್ಟ್‌ಬ್ಲೀಡ್ ದೋಷ ಇದ್ದದ್ದು ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬೀಟ್ ಎಂಬ ಪುಟ್ಟ ಸೌಲಭ್ಯದಲ್ಲಿ. ನೋಡಿಕೊಳ್ಳಲು ಇಬ್ಬರು ಮೂವರೇ ಇದ್ದರೆ ದಯವಿಟ್ಟು ಚಿಕ್ಕದಾಗಿಡಿ.

ಇನ್ನು ಹೆಸರು. ಲೈಬ್ರರಿಗೆ ಪ್ರೋಟೋಕಾಲ್‌ನ ಹೆಸರನ್ನೇ ಇಟ್ಟರೆ ಹುಡುಕುವವರಿಗೆ ಬೇಗ ಸಿಗುತ್ತದೆ, ಆದರೆ ಹೆಸರು ಹಳತಾಗುತ್ತದೆ. ಟಿಎಲ್‌ಎಸ್‌ಗೆ ಮೊದಲಿದ್ದ ಎಸ್‌ಎಸ್‌ಎಲ್ ಪ್ರೋಟೋಕಾಲ್‌ನ ಕೊನೆಯ ಆವೃತ್ತಿ 3.0 ಬಳಸಬಾರದು ಅಂತ 2015ರಲ್ಲೇ ತೀರ್ಮಾನವಾಯಿತು. ಓಪನ್‌ಎಸ್‌ಎಸ್‌ಎಲ್ ಹೆಸರು ಹಾಗೇ ಇದೆ ಅಲ್ವಾ? ಒಂದೇ ಪ್ರೋಟೋಕಾಲ್‌ಗಾದರೆ ಅದರ ಹೆಸರು ಸರಿ. ಮುಂದೆ ಬೆಳೆಸುವ ಯೋಚನೆ ಇದ್ದರೆ ಸ್ವತಂತ್ರ ಹೆಸರಿಡಿ.